ಕಿರ್ಲೋಸ್ಕರ ನಮ್ಮ ಊರಾಂವ: ಬೆಳಗಾವಿ ಜಾಗ ಕೇಳಿತು, ಔಂಧ ಜಾಗ ಕೊಟ್ಟಿತು

ಸಾಲಹಳ್ಳಿ ಸುತ್ತಲಿನ ಎರಿ ಹೊಲಗಳಲ್ಲಿ ಬಾವಿ ಇದ್ದಲ್ಲಿ ಪಂಪು ಇದೆ. ಪಂಪು ಇದ್ದಲ್ಲಿ ಬಹಳ ಕಡೆ ಅದರ ಮೈಮೇಲೆ ಎರಕದ ಅಕ್ಷರದಲ್ಲಿ ಒಂದೇ ಹೆಸರು: ಕಿರ್ಲೋಸ್ಕರ. ಹಳ್ಳಿಗೆ ಕರೆಂಟು ಬರುವ ಮೊದಲು, ಡೀಸೆಲ್ ಇಂಜಿನ್ನು ಹಳ್ಳದ ದಂಡೆಯಲ್ಲಿ ಟುಕು ಟುಕು ಅನ್ನುತ್ತಿದ್ದ ಕಾಲದಲ್ಲಂತೂ ಇಂಜಿನ್ನಿಗೇ ಆ ಹೆಸರು ಅಂಟಿಕೊಂಡಿತ್ತು.

ಈಗ ಬಸ್ ಸ್ಟ್ಯಾಂಡಿನ ಚಹಾದಂಗಡಿ ಮುಂದೆ ನಿಂತು ಒಂದು ಪ್ರಶ್ನೆ ಕೇಳಿ ನೋಡಿ. “ಕಿರ್ಲೋಸ್ಕರ ಯಾವ ಊರಾಂವರೀ?” ಒಬ್ಬರು ಪುಣೇದಾಂವ ಅಂತಾರೆ, ಒಬ್ಬರು ಮುಂಬಯಿ ಅಂತಾರೆ. ಸಣ್ಣ ಹುಡುಗರು “ಅದು ಮನುಷ್ಯಾರ ಹೆಸರೇನ್ರೀ? ಮೋಟರಿನ ಹೆಸರಲ್ಲೇನು?” ಅಂದರೂ ಆಶ್ಚರ್ಯವಿಲ್ಲ.

ಸ್ವಾಮಿ, ಅದು ಮನುಷ್ಯರ ಹೆಸರೇ. ಪುಣೆಯವರೂ ಅಲ್ಲ, ಮುಂಬಯಿಯವರೂ ಅಲ್ಲ. ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಸವದತ್ತಿ ಸಿಗುತ್ತದಲ್ಲ, ಆ ಸವದತ್ತಿಯ ಮಗ್ಗುಲಿನ ಗುರ್ಲಹೊಸೂರಿನವರು. ದೇಶದ ದೊಡ್ಡ ಉದ್ಯಮ ಮನೆತನಗಳಲ್ಲಿ ಒಂದನ್ನು ಕಟ್ಟಿದ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು ಹುಟ್ಟಿದ್ದು ಅಲ್ಲಿ, 1869ರ ಜೂನ್ 20ರಂದು.

ಹುಟ್ಟಿದ್ದು ಇಲ್ಲಿ. ಮೊದಲು ದುಡಿದದ್ದೂ ಈ ಜಿಲ್ಲೆಯಲ್ಲೇ. ಹಾಗಾದರೆ ಕಾರಖಾನೆ ಮಾತ್ರ ಸಾಂಗಲಿ ಕಡೆಗೆ ಯಾಕೆ ಹೋಯಿತು? ಅದೇ ಇವತ್ತಿನ ಮಾತು.

ವೇದಾಂತಿಯ ಮಗ, ಯಂತ್ರದ ಹುಚ್ಚು

ಕಿರ್ಲೋಸ್ಕರರ ಮೂಲ ಕೊಂಕಣದ ಕಿರ್ಲೋಸಿ ಎಂಬ ಹಳ್ಳಿ. ಅಲ್ಲಿಂದ ಘಟ್ಟ ಹತ್ತಿ ಬಂದು ಮಲಪ್ರಭೆಯ ಸೀಮೆಯಲ್ಲಿ ನೆಲೆ ನಿಂತವರು. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ನಮ್ಮ ಭಾಗದಲ್ಲಿ ಇದೇನೂ ಹೊಸ ಸಂಗತಿಯಲ್ಲ.

ಗುರ್ಲಹೊಸೂರು ಲಕ್ಷ್ಮಣರಾಯರಿಗಿಂತ ಮೊದಲೇ ಇನ್ನೊಬ್ಬ ಕಿರ್ಲೋಸ್ಕರರನ್ನು ಹೆತ್ತಿತ್ತು. ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿಕೊಟ್ಟ ಬಲವಂತ ಪಾಂಡುರಂಗ ಉರ್ಫ್ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರೇ. 1880ರಲ್ಲಿ ಅವರು ಪುಣೆಯಲ್ಲಿ ಆಡಿದ ಶಾಕುಂತಲದಿಂದ ಮರಾಠಿ ರಂಗಭೂಮಿಯ ದಿಕ್ಕೇ ಬದಲಾಯಿತು. 1885ರಲ್ಲಿ ಅವರು ಕಣ್ಣು ಮುಚ್ಚಿದ್ದೂ ಗುರ್ಲಹೊಸೂರಿನಲ್ಲೇ.

ಅದೇ 1885ರಲ್ಲಿ ಹದಿನಾರು ವರ್ಷದ ಲಕ್ಷ್ಮಣ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದ. ತಂದೆ ಕಾಶೀನಾಥಪಂತರು ವೇದಾಂತ ಓದಿಕೊಂಡವರು. ಮಗ ಚಿತ್ರ ಬಿಡಿಸಲಿಕ್ಕೆ, ಯಂತ್ರ ನೋಡಲಿಕ್ಕೆ ಹೋಗುತ್ತೇನೆ ಅಂದದ್ದು ಅವರಿಗೆ ಹಿಡಿಸಲಿಲ್ಲ. ಬೆನ್ನಿಗೆ ನಿಂತವನು ಅಣ್ಣ ರಾಮಚಂದ್ರ, ಅಂದರೆ ರಾಮುಅಣ್ಣ. ಮುಂದೆ ಜೀವಮಾನ ಪೂರ್ತಿ ಅಣ್ಣ-ತಮ್ಮಂದಿರದು ಒಂದೇ ಜೋಡೆತ್ತು.

ಮುಂಬಯಿಯಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ಪೆಟ್ಟು ಬಿತ್ತು. ಹುಡುಗನ ಕಣ್ಣಿಗೆ ಕೆಲವು ಬಣ್ಣಗಳ ಗುರುತು ಸಿಗುವುದಿಲ್ಲ ಎಂದು ಗೊತ್ತಾಯಿತು. ಬಣ್ಣ ತಿಳಿಯದವನು ಚಿತ್ರಕಾರನಾಗುವುದು ಹೇಗೆ? ಬೇರೆಯವರಾದರೆ ಗಂಟು ಕಟ್ಟಿಕೊಂಡು ಊರಿಗೆ ಬರುತ್ತಿದ್ದರು. ಈತ ಬಣ್ಣ ಬಿಟ್ಟು ಗೆರೆ ಹಿಡಿದ. ಯಂತ್ರದ ನಕ್ಷೆಗೆ ಬಣ್ಣ ಬೇಕಿಲ್ಲವಲ್ಲ! ಯಂತ್ರಗಳ ನಕ್ಷೆ ಬರೆಯುವುದನ್ನು ಚೆನ್ನಾಗಿ ಕಲಿತು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಶಾಲೆಯಲ್ಲಿ ಅದೇ ವಿಷಯಕ್ಕೆ ಮಾಸ್ತರನಾದ. ಪಾಠ ಮುಗಿದ ಮೇಲೂ ವರ್ಕ್‌ಶಾಪು ಬಿಟ್ಟು ಕದಲುತ್ತಿರಲಿಲ್ಲ.

ಅಲ್ಲೇ ಎರಡನೇ ಪೆಟ್ಟು. ಮೇಲಿನ ಜಾಗ ಖಾಲಿಯಾದಾಗ ಅದು ಇವರಿಗೆ ಬರಬೇಕಿತ್ತು. ಕೊಟ್ಟದ್ದು ಒಬ್ಬ ಆಂಗ್ಲೋ-ಇಂಡಿಯನ್‌ಗೆ. ಲಕ್ಷ್ಮಣರಾಯರು ತಕರಾರಿನ ಅರ್ಜಿ ಬರೆಯುತ್ತ ಕೂಡಲಿಲ್ಲ. ಕೆಲಸಕ್ಕೆ ರಾಮರಾಮ ಹೇಳಿ ಬೆಳಗಾವಿ ಹಾದಿ ಹಿಡಿದರು.

ಸೈಕಲ್ ಅಂಗಡಿಯಿಂದ ರಂಟಿಗೆ

ಬೆಳಗಾವಿಯಲ್ಲಿ ಅಣ್ಣ-ತಮ್ಮಂದಿರ ಸೈಕಲ್ ಅಂಗಡಿ ಅಷ್ಟೊತ್ತಿಗಾಗಲೇ ಇತ್ತು. 1888ರಲ್ಲಿ ಸುರುವಾದ ಆ ಅಂಗಡಿಯನ್ನೇ ಕಿರ್ಲೋಸ್ಕರ ಬ್ರದರ್ಸ್ ಕಂಪನಿ ತನ್ನ ಹುಟ್ಟು ಎಂದು ಲೆಕ್ಕ ಹಿಡಿಯುತ್ತದೆ. ತಮ್ಮ ಮುಂಬಯಿಯಿಂದ ಸೈಕಲ್ ಕಳಿಸುವುದು, ಅಣ್ಣ ಇಲ್ಲಿ ಮಾರುವುದು. ಸೈಕಲ್ ಅಂದರೆ ಸಾಹೇಬರು, ವಕೀಲರು, ಶ್ರೀಮಂತರು ಮಾತ್ರ ಹತ್ತುವ ಕಾಲ ಅದು. ಮಾರಿದ ಮೇಲೆ ಹತ್ತಿ ಓಡಿಸುವುದನ್ನೂ ಇವರೇ ಕಲಿಸಬೇಕಿತ್ತು. ಬೆಳಗಾವಿಯ ಕಿರ್ಲೋಸ್ಕರ ರೋಡ್ ಇವತ್ತಿಗೂ ಆ ಮನೆತನದ ಹೆಸರು ಹೊತ್ತುಕೊಂಡಿದೆ.

ಆದರೆ ಬೇರೆಯವರು ಮಾಡಿದ್ದನ್ನು ಮಾರುವುದರಲ್ಲಿ ಲಕ್ಷ್ಮಣರಾಯರಿಗೆ ಸಮಾಧಾನ ಇರಲಿಲ್ಲ. ತಾನೇ ಏನಾದರೂ ಮಾಡಬೇಕು. ಏನು ಮಾಡುವುದು? ಸುತ್ತ ನೋಡಿದರೆ ಕಾಣುವವನು ರೈತ. ಅವನ ಮನೆಯಲ್ಲಿ ದನ, ದನಕ್ಕೆ ಕಣಕಿ. ಉದ್ದನ್ನ ಕಣಕಿ ಹಾಗೇ ಹಾಕಿದರೆ ದನ ಎಲೆ ತಿಂದು ದಂಟು ತುಳಿಯುತ್ತದೆ, ಅರ್ಧಕ್ಕರ್ಧ ಹಾಳು. ಸಣ್ಣಗೆ ಕತ್ತರಿಸಿ ಹಾಕಿದರೆ ಎಲ್ಲ ತಿನ್ನುತ್ತದೆ. ಹೀಗೆ ಮೊದಲು ಬಂದದ್ದು ಕಣಕಿ ಕತ್ತರಿಸುವ ಯಂತ್ರ. ಆಮೇಲೆ ಬಂದದ್ದು ಕಬ್ಬಿಣದ ರಂಟಿ.

ರಂಟಿಯ ಕಥೆಯನ್ನು ನಮ್ಮ ರೈತರು ಓದಲೇಬೇಕು. ಕಟ್ಟಿಗೆಯ ರಂಟಿ ಎರಿ ನೆಲವನ್ನು ಮೇಲೆ ಮೇಲೆ ಗೀರುತ್ತದೆ, ಅಷ್ಟೇ. ಅಡಿಯಲ್ಲಿ ಹಬ್ಬಿದ ಕರಕಿ ಬೇರಿಗೆ ಅದರಿಂದ ಏನೂ ಆಗುವುದಿಲ್ಲ. ಕಬ್ಬಿಣದ ರಂಟಿ ಆಳಕ್ಕೆ ಇಳಿದು ಹೆಂಟೆಯನ್ನು ಅಡಿಮೇಲು ಮಾಡುತ್ತದೆ. ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ, ಮಳೆ ನೀರು ಒಳಗೆ ಇಂಗುತ್ತದೆ. ಎಳೆಯಲು ಎತ್ತು ಹೆಚ್ಚು ಬೇಕು ನಿಜ, ಆದರೆ ಹೊಲ ಹಸನಾಗುತ್ತದೆ.

ಇಷ್ಟೆಲ್ಲ ಲಾಭ ಇದ್ದರೆ ಜನ ಮುಗಿಬಿದ್ದು ಕೊಂಡರೇ? ಇಲ್ಲ. ಕಬ್ಬಿಣ ತಾಗಿದರೆ ಭೂಮಿತಾಯಿಗೆ ವಿಷ ಏರುತ್ತದೆ ಎಂಬ ನಂಬಿಕೆ ಅಡ್ಡ ಬಂತು. ಮಾಡಿಟ್ಟ ರಂಟಿಗಳು ಕೊಳ್ಳುವವರಿಲ್ಲದೆ ಕೂತವು. ಮಾರಾಟ ಚಾಲೂ ಆಗಲು ಎರಡು ವರ್ಷ ಹಿಡಿಯಿತು.

ಅಂದು ರೈತ ಹಿಂಜರಿದದ್ದನ್ನು ಬರೇ ಮೌಢ್ಯ ಎಂದು ನಗುವುದು ಸರಿಯಲ್ಲ. ಸಾಲ ಮಾಡಿ ಕೊಂಡ ರಂಟಿಯಿಂದ ಬೆಳೆ ಕೈಕೊಟ್ಟರೆ ಮನೆ ಮುಳುಗುತ್ತದೆ. ಕೊಡುವವನು ಸೈಕಲ್ ಅಂಗಡಿಯ ರಾಯ. ನಂಬುವುದು ಹೇಗೆ? ಲಕ್ಷ್ಮಣರಾಯರೂ ರೈತನನ್ನು ಬೈಯಲಿಲ್ಲ. ಕಾದರು, ರಂಟಿಯನ್ನು ಇನ್ನಷ್ಟು ಸುಧಾರಿಸಿದರು. ಕೊನೆಗೆ ಹೊಲವೇ ಸಾಕ್ಷಿ ಹೇಳಿತು.

ಜಾಗ ಖಾಲಿ ಮಾಡಿ

ಹೀಗೆ ಬೆಳಗಾವಿಯ ಠಳಕವಾಡಿಯಲ್ಲಿ ಸಣ್ಣ ಕಾರಖಾನೆ ಕಾಲೂರುತ್ತಿರುವಾಗಲೇ ಮುನಸಿಪಾಲ್ಟಿಯ ಕಣ್ಣು ಆ ಜಾಗದ ಮೇಲೆ ಬಿತ್ತು. ಊರು ಬೆಳೆಯುತ್ತಿದೆ, ಹೊಸ ಬಡಾವಣೆಗೆ ಆ ಜಾಗ ಬೇಕು ಎಂದಿತು. ಕಾನೂನು ಅವರ ಕಡೆ ಇದ್ದಿರಬಹುದು. ಊರು ಬೆಳೆಯುವುದೂ ಸುಳ್ಳಲ್ಲ. ಆದರೆ ಎರಕದ ಒಲೆ, ಯಂತ್ರ, ಆಳುಕಾಳು ಎಲ್ಲ ಕಟ್ಟಿಕೊಂಡು ಒಬ್ಬ ಕಾರಖಾನೆದಾರ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಬೆಳಗಾವಿಯಲ್ಲಿ ಉತ್ತರ ಸಿಗಲಿಲ್ಲ.

ಉತ್ತರ ಬಂದದ್ದು ಒಂದು ಪುಟ್ಟ ಸಂಸ್ಥಾನದಿಂದ. ಔಂಧದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿಯವರಿಗೆ ಲಕ್ಷ್ಮಣರಾಯರ ಪರಿಚಯ ಇತ್ತು. ಸೂರ್ಯನಮಸ್ಕಾರವನ್ನು ದೇಶದೆಲ್ಲೆಡೆ ಪ್ರಚಾರ ಮಾಡಿದರಲ್ಲ, ಅದೇ ರಾಜ. ಅವರು ತಮ್ಮ ಸೀಮೆಯಲ್ಲಿ ಕುಂಡಲ ರೋಡ್ ರೈಲ್ವೆ ಸ್ಟೇಷನ್ ಹತ್ತಿರ 32 ಎಕರೆ ಜಾಗ ಮತ್ತು 10,000 ರೂಪಾಯಿ ಸಾಲ ಕೊಟ್ಟರು.

ಜಾಗ ಅಂದರೆ ಎಂಥ ಜಾಗ? ಪಾಪಾಸುಕಳ್ಳಿ ಮುಳ್ಳು, ಹಾವು, ನೀರಿಗೆ ತತ್ವಾರ. ಅಲ್ಲಿಗೆ 1910ರ ಮಾರ್ಚ್‌ನಲ್ಲಿ ಲಕ್ಷ್ಮಣರಾಯರು, ರಾಮುಅಣ್ಣ ಹೆಂಡಿರು-ಮಕ್ಕಳು, ಕೆಲಸಗಾರರ ಸಮೇತ ಹೋಗಿ ಇಳಿದರು. ಮುಳ್ಳು ಕಡಿದು ಶೆಡ್ ಎಬ್ಬಿಸಿದರು. ಅದೇ ಕಿರ್ಲೋಸ್ಕರವಾಡಿ. ಇಂದು ಸಾಂಗಲಿ ಜಿಲ್ಲೆಯಲ್ಲಿದೆ. ರೈಲ್ವೆ ಸ್ಟೇಷನ್ನಿನ ಹೆಸರೂ ಮುಂದೆ ಕಿರ್ಲೋಸ್ಕರವಾಡಿ ಎಂದೇ ಆಯಿತು.

ಕಾರಖಾನೆಯ ಜೊತೆಗೆ ಊರು

ಬೇರೆ ದೇಶಗಳಲ್ಲಿ ಕೆಲಸಗಾರರಿಗಾಗಿ ಕಾರಖಾನೆಯವರೇ ಊರು ಕಟ್ಟಿದ್ದನ್ನು ಲಕ್ಷ್ಮಣರಾಯರು ಓದಿ ತಿಳಿದಿದ್ದರು. ಅಂಥದೊಂದು ಇಲ್ಲೂ ಆಗಬೇಕು ಎಂಬುದು ಅವರ ಆಸೆ. ಮನೆ, ಸಾಲೆ, ನೀರು, ಓದುವ ಕೋಣೆ ಎಲ್ಲವನ್ನೂ ಊರಲ್ಲೇ ಮಾಡಿದರು. ಊರಿನ ಕಾರಭಾರ ರಾಮುಅಣ್ಣನದು.

ಜೊತೆಗೆ ದುಡಿದವರ ಪೈಕಿ ಶಂಭೋರಾವ್ ಜಾಂಭೇಕರ, ಮಂಗೇಶರಾವ್ ರೇಗೆ, ಕೆ.ಕೆ. ಕುಲಕರ್ಣಿ, ಅನಂತರಾವ್ ಫಳಣೀಕರ ಮುಂತಾದವರ ಹೆಸರನ್ನು ಅಲ್ಲಿಯವರು ಇಂದಿಗೂ ನೆನೆಯುತ್ತಾರೆ. ದೊಡ್ಡ ದೊಡ್ಡ ಪದವಿ ಹೊತ್ತವರಲ್ಲ ಅವರು. ಕೆಲಸ ಮಾಡುತ್ತ ಕಲಿತವರು. ಸರ್ಟಿಫಿಕೇಟು ನೋಡುವ ಬದಲು ಕೈ ನೋಡಿ ಆರಿಸುವುದು ಲಕ್ಷ್ಮಣರಾಯರ ಪದ್ಧತಿ.

ಜೈಲು ಕಂಡು ಬಂದವರನ್ನೂ ಅವರು ಕೆಲಸಕ್ಕೆ ಇಟ್ಟುಕೊಂಡರು. ಅದೂ ಎಂಥ ಕೆಲಸ? ರಾತ್ರಿ ಕಾವಲು! “ಕಳ್ಳನ ಕೈಯಾಗ ಕೀಲಿಕೈ” ಅಂತ ನಾವು ನಗುತ್ತೇವೆ. ಅಲ್ಲಿ ಅದೇ ನಡೆಯಿತು, ಚೆನ್ನಾಗಿಯೇ ನಡೆಯಿತು. ಮುಟ್ಟುಚಟ್ಟು, ಮಡಿಮೈಲಿಗೆಗೆ ಕಿರ್ಲೋಸ್ಕರವಾಡಿಯಲ್ಲಿ ಜಾಗ ಇರಲಿಲ್ಲ. ನೂರು ವರ್ಷದ ಹಿಂದೆ ವೇದಾಂತಿಯ ಮಗ ಮಾಡಿದ ಈ ಕೆಲಸ ರಂಟಿಗಿಂತ ಸಣ್ಣದೇನಲ್ಲ.

ಮೊದಲ ಮಹಾಯುದ್ಧ ಬಂದಾಗ ಎರಕಕ್ಕೆ ಬೇಕಾದ ಬೀಡು ಕಬ್ಬಿಣ ಸಿಗದಂತಾಯಿತು. ಸಂಸ್ಥಾನದ ಕೋಟೆಗಳಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಳೇ ತೋಪುಗಳನ್ನು ತಂದು ಕರಗಿಸಿ ಕೆಲಸ ನಡೆಸಿದರು. ಜನರನ್ನು ಕೊಲ್ಲಲು ಮಾಡಿದ ತೋಪು ಹೊಲ ಊಳಲು ಬಂತು. 1920ರಲ್ಲಿ ಅಣ್ಣ-ತಮ್ಮಂದಿರ ಅಂಗಡಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಆಯಿತು. ರಂಟಿಯ ಹಿಂದೆ ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರ, ಪಂಪು ಒಂದೊಂದಾಗಿ ಬಂದವು. ರೈತನ ಮನೆಗೆ ಬೇಕಾದದ್ದನ್ನು ಬಿಟ್ಟು ಕಂಪನಿ ಬಹಳ ದೂರ ಹೋಗಲಿಲ್ಲ.

ಮಕ್ಕಳ ಕಾಲ

ಲಕ್ಷ್ಮಣರಾಯರ ಹಿರಿಯ ಮಗ ಶಂತನುರಾಯರು 1903ರಲ್ಲಿ ಹುಟ್ಟಿದವರು. ಅಪ್ಪ ಓದದ ಇಂಜಿನಿಯರಿಂಗನ್ನು ಮಗ ಅಮೆರಿಕಕ್ಕೆ ಹೋಗಿ ಎಂ.ಐ.ಟಿ.ಯಲ್ಲಿ ಓದಿ 1926ರಲ್ಲಿ ಪದವೀಧರರಾಗಿ ಬಂದರು. ಬಂದು ಕೂತದ್ದು ಮುಳ್ಳು ಕಡಿದು ಕಟ್ಟಿದ ಅದೇ ಕಿರ್ಲೋಸ್ಕರವಾಡಿಯಲ್ಲಿ.

ಮನೆತನ ನಿಜವಾಗಿ ಟಿಸಿಲೊಡೆದದ್ದು ಅವರ ಕಾಲದಲ್ಲಿ. 1946ರಲ್ಲಿ ಪುಣೆಯಲ್ಲಿ ಡೀಸೆಲ್ ಇಂಜಿನ್ ಕಾರಖಾನೆ, ಅದೇ ವರ್ಷ ಬೆಂಗಳೂರಿನಲ್ಲಿ ವಿದ್ಯುತ್ ಮೋಟರಿನ ಕಾರಖಾನೆ. ನಮ್ಮ ಹಳ್ಳದ ದಂಡೆಯ ಇಂಜಿನ್ನು, ಬಾವಿಯ ಮೋಟರು ಬಂದದ್ದು ಈ ಎರಡು ಬೇರಿನಿಂದ.

ಎಲ್ಲವೂ ಹೂವಿನ ಹಾಸಿಗೆ ಆಗಿರಲಿಲ್ಲ. 1948ರಲ್ಲಿ ಗಾಂಧೀಜಿಯವರ ಹತ್ಯೆಯ ನಂತರ ಆ ಕಡೆಯ ಜಿಲ್ಲೆಗಳಲ್ಲಿ ಬ್ರಾಹ್ಮಣರ ಮನೆಗಳ ಮೇಲೆ ದಾಳಿ ನಡೆದಾಗ ಕಿರ್ಲೋಸ್ಕರವಾಡಿಗೂ ಬೆಂಕಿ ಬಿತ್ತು. ಕಟ್ಟಿದ್ದು ಕಣ್ಣೆದುರೇ ಸುಟ್ಟರೂ ಮತ್ತೆ ಕಟ್ಟಿದರು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ತೀರಿಕೊಂಡರು. 1969ರಲ್ಲಿ, ಹುಟ್ಟಿ ನೂರು ವರ್ಷ ತುಂಬಿದಾಗ, ಅಂಚೆ ಇಲಾಖೆ ಅವರ ಚಿತ್ರದ ಚೀಟಿ ಹೊರಡಿಸಿತು.

ಶಂತನುರಾಯರಿಗೆ 1965ರಲ್ಲಿ ಪದ್ಮಭೂಷಣ ಬಂತು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಕ್ಯಾಕ್ಟಸ್ ಆ್ಯಂಡ್ ರೋಸಸ್’. ಅಂದರೆ ಕಳ್ಳಿ ಮತ್ತು ಗುಲಾಬಿ. ಎಷ್ಟೇ ಶ್ರೀಮಂತಿಕೆ ಬಂದರೂ ಔಂಧದ ಆ ಮುಳ್ಳು ಅವರಿಗೆ ಮರೆತಿರಲಿಲ್ಲ. 1994ರಲ್ಲಿ ಅವರು ತೀರಿಕೊಂಡರು.

ದೊಡ್ಡ ಮನೆತನಕ್ಕೆ ದೊಡ್ಡ ಮನೆತನದ ಕಷ್ಟಗಳೂ ಇರುತ್ತವೆ. ಶಂತನುರಾಯರ ಮೊಮ್ಮಕ್ಕಳ ನಡುವಿನ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೂತು ಮಾತಾಡಿ ಬಗೆಹರಿಸಿಕೊಳ್ಳಲು ನೋಡಿ ಎಂದು 2021ರಲ್ಲಿ ನ್ಯಾಯಾಲಯವೇ ಹೇಳಬೇಕಾಯಿತು. ಅಣ್ಣ-ತಮ್ಮಂದಿರು ಜೋಡೆತ್ತಿನಂತೆ ದುಡಿದು ಕಟ್ಟಿದ ಮನೆ ಅದು ಎಂಬುದನ್ನು ನೆನೆದರೆ ಗುರ್ಲಹೊಸೂರಿನ ಕಡೆಯವರಿಗೆ ಸ್ವಲ್ಪ ಸಂಕಟವಾಗುತ್ತದೆ.

ಕನ್ನಡ ನಾಡಿಗೆ ಮತ್ತೆ ಬಂದರು, ನಮ್ಮಲ್ಲಿಗಲ್ಲ

ಕಿರ್ಲೋಸ್ಕರರು ಕನ್ನಡ ಸೀಮೆ ಬಿಟ್ಟೇ ಹೋದರು ಅನ್ನುವಂತಿಲ್ಲ. 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ತಲೆ ಎತ್ತಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ತಿರುಗಿದವು. ಕಾರಖಾನೆಯ ಮಗ್ಗುಲಿನ ವಸತಿಗೆ ಯಂತ್ರಾಪುರ ಎಂದೇ ಹೆಸರು. ಈ ಶತಮಾನದ ಆರಂಭದ ಹೊತ್ತಿಗೆ ಅದರ ಬಾಗಿಲು ಮುಚ್ಚಿತು. ಯಂತ್ರ ನಿಂತರೂ ಊರಿಗೆ ಹೆಸರು ಉಳಿದುಕೊಂಡಿದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕಿರ್ಲೋಸ್ಕರ ಇಲೆಕ್ಟ್ರಿಕ್ ಬಂತು. ಕೊಪ್ಪಳದ ಬೇವಿನಹಳ್ಳಿಯಲ್ಲಿ ಬೀಡು ಕಬ್ಬಿಣದ ಕಾರಖಾನೆ ಎದ್ದಿತು. ಕಬ್ಬಿಣ ಸಿಗದೆ ತೋಪು ಕರಗಿಸಿದವರ ವಂಶಸ್ಥರು ಕೊಪ್ಪಳದ ಮಣ್ಣಲ್ಲಿ ಕಬ್ಬಿಣವನ್ನೇ ಮಾಡಿದರು. ಬಿಡದಿಯಲ್ಲಿ 1997ರಲ್ಲಿ ಟೊಯೊಟಾ ಜೊತೆ ಕೂಡಿ ಕಾರಿನ ಕಂಪನಿ ಕಟ್ಟಿದ ವಿಕ್ರಮ ಕಿರ್ಲೋಸ್ಕರರು ಈ ಮನೆತನದ ನಾಲ್ಕನೇ ತಲೆಮಾರು. 2022ರ ನವೆಂಬರ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಹರಿಹರ, ಹುಬ್ಬಳ್ಳಿ, ಕೊಪ್ಪಳ, ಬೆಂಗಳೂರು, ಬಿಡದಿ. ಈ ಪಟ್ಟಿಯನ್ನು ಮತ್ತೊಮ್ಮೆ ಓದಿರಿ. ಸವದತ್ತಿಯೂ ಇಲ್ಲ, ರಾಮದುರ್ಗವೂ ಇಲ್ಲ.

ನಮ್ಮ ಪಾಲಿನ ಪಾಠ

ಒಂದು ಮಾತು ಹೇಳುವವರು ಇದ್ದಾರೆ: “ಬೆಳಗಾವಿಯವರು ಎಬ್ಬಿಸಿದ್ದಕ್ಕೇ ಅವರು ದೊಡ್ಡವರಾದರು, ಇಲ್ಲೇ ಇದ್ದಿದ್ದರೆ ಸಣ್ಣ ಅಂಗಡಿಯಾಗಿ ಉಳೀತಿದ್ದರು.” ಇರಬಹುದು. ಆದರೆ ಆ ಪುಣ್ಯವನ್ನು ಮುನಸಿಪಾಲ್ಟಿಯ ಖಾತೆಗೆ ಬರೆಯುವುದು ಹೇಗೆ? ಮುನಸಿಪಾಲ್ಟಿ ನೋಡಿದ್ದು ಬಡಾವಣೆಗೆ ಬೇಕಾದ ಜಾಗವನ್ನು. ಔಂಧದ ರಾಜ ನೋಡಿದ್ದು ಆ ಜಾಗದಲ್ಲಿ ಕೆಲಸ ಮಾಡುತ್ತಿದ್ದ ಮನುಷ್ಯನನ್ನು. ರಾಜನ ಸಂಸ್ಥಾನ ಸಣ್ಣದು, ಬೊಕ್ಕಸವೂ ಸಣ್ಣದು. ಕೊಟ್ಟದ್ದು ಕಳ್ಳಿ ಬೆಳೆದ ಬರಡು ನೆಲ. ಅಷ್ಟೇ ಸಾಕಾಯಿತು.

ಅಂಥ ನೆಲ ನಮ್ಮ ತಾಲೂಕುಗಳಲ್ಲಿ ಇರಲಿಲ್ಲವೇ? ಬೇಕಾದಷ್ಟು ಇತ್ತು.

ಆಮೇಲೆ ಬೆಳಗಾವಿ ಸುಮ್ಮನೆ ಕೂಡಲಿಲ್ಲ. ಉದ್ಯಮಬಾಗದಲ್ಲಿ ಫೌಂಡ್ರಿಗಳು ಬಂದವು, ಎರಕದ ಕೆಲಸಕ್ಕೆ ಊರು ಹೆಸರಾಯಿತು. ಕೈಚಳಕ ಈ ನೆಲದಲ್ಲಿ ಎಂದೂ ಕಡಿಮೆ ಇರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಬೆಳಗಾವಿಯ ಬೆಳಕು ಸಾಲಹಳ್ಳಿ ತನಕ ಬರಬೇಕಲ್ಲ?

ರಾಮದುರ್ಗ, ಸವದತ್ತಿ, ಬೈಲಹೊಂಗಲದ ರಸ್ತೆ ಬದಿಯಲ್ಲಿ ಇವತ್ತು ನಡೆದು ನೋಡಿ. ವೆಲ್ಡಿಂಗ್ ಅಂಗಡಿಗಳಲ್ಲಿ ಹುಡುಗರು ಟ್ರ್ಯಾಕ್ಟರಿಗೆ ಕೂರಿಗೆ ಕಟ್ಟುತ್ತಾರೆ, ಕುಂಟಿ ಮಾಡುತ್ತಾರೆ, ಟ್ರೇಲರ್ ರಿಪೇರಿ ಮಾಡುತ್ತಾರೆ. ರೈತ ಬಂದು “ತಮ್ಮಾ, ಇದು ನಮ್ಮ ಎರಿಗೆ ಒಗ್ಗೂದಿಲ್ಲ, ಹಲ್ಲು ಸ್ವಲ್ಪ ಬಾಗಿಸಿ ಕೊಡು” ಅಂದರೆ ನಿಂತ ಕಾಲ ಮೇಲೆ ಬಾಗಿಸಿ ಕೊಡುತ್ತಾರೆ. ಲಕ್ಷ್ಮಣರಾಯರು ಠಳಕವಾಡಿಯಲ್ಲಿ ಮಾಡಿದ್ದು ಇದಕ್ಕಿಂತ ಬೇರೆಯೇನಲ್ಲ. ರೈತನ ಮಾತು ಕೇಳಿ ಕಬ್ಬಿಣ ಬಾಗಿಸಿದರು.

ಈ ಹುಡುಗರಲ್ಲಿ ಎಲ್ಲರೂ ಕಿರ್ಲೋಸ್ಕರ ಆಗುವುದಿಲ್ಲ. ಒಬ್ಬ ಆದರೂ ಸಾಕು. ಆ ಒಬ್ಬ ನಾಳೆ ಜಾಗ ಕೇಳಲು, ಕರೆಂಟಿನ ಲೈನು ಕೇಳಲು, ಸಾಲ ಕೇಳಲು ಆಫೀಸಿನ ಮೆಟ್ಟಿಲು ಹತ್ತಿದಾಗ ಮೇಜಿನ ಆಚೆ ಕೂತವರು ಅವನ ಅರ್ಜಿ ಜೊತೆಗೆ ಅವನ ಕೈಯನ್ನೂ ನೋಡಬೇಕು. “ನಾಳೆ ಬಾ” ಅನ್ನುವ ಮೊದಲು 1910 ನೆನಪಾಗಬೇಕು.

ನಮ್ಮ ಸಾಲೆಗಳ ಮಾಸ್ತರರಿಗೂ ಒಂದು ಬಿನ್ನಹ. ಯಲ್ಲಮ್ಮನ ಗುಡ್ಡಕ್ಕೆ, ನವಿಲುತೀರ್ಥದ ಅಣೆಕಟ್ಟಿಗೆ ಮಕ್ಕಳನ್ನು ಕರೆದೊಯ್ಯುವಾಗ ಗುರ್ಲಹೊಸೂರಿನಲ್ಲೂ ಐದು ಮಿನಿಟು ನಿಲ್ಲಿರಿ. ಬಣ್ಣದ ಗುರುತು ಸಿಗದ ಒಬ್ಬ ಹುಡುಗ ಈ ಊರಿನಿಂದ ಹೊರಟ, ನಿಮ್ಮ ಅಪ್ಪನ ಬಾವಿಯ ಮೇಲಿರುವುದು ಅವನ ಮನೆತನದ ಹೆಸರು ಎಂದು ಹೇಳಿರಿ. ಮುಂದಿನ ಸಲ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ “ಕಿರ್ಲೋಸ್ಕರ ಯಾವ ಊರಾಂವ?” ಅಂತ ಕೇಳಿದರೆ ಆ ಮಕ್ಕಳಾದರೂ ಸರಿಯಾದ ಉತ್ತರ ಕೊಟ್ಟಾರು.